ದೂರದ ಡೇಟಾ ಲಾಗರ್‌ಗಳಲ್ಲಿ ರೇಡಿಯೊ ಸಂಪರ್ಕ ವಿಧಾನಗಳ ಆಯ್ಕೆ

ಮಳೆಯ ಪ್ರಮಾಣ, ನದಿಯ ಮಟ್ಟ, ಮಣ್ಣಿನ ತೇವ, ಅಂತರ್ಜಲದ ಆಳ, ಗಾಳಿಯ ವೇಗ ಮೊದಲಾದವನ್ನು ಗೊತ್ತಾದ ಅವಧಿಗೊಮ್ಮೆ ಅಳೆದು, ದಿನಾಂಕ ಮತ್ತು ಸಮಯದೊಡನೆ ದಾಖಲಿಸಿಡುವ ಉಪಕರಣಕ್ಕೆ ಡೇಟಾ ಲಾಗರ್ ಎನ್ನುತ್ತಾರೆ. ಸಂವೇದಕ, ಮೈಕ್ರೊಕಂಟ್ರೋಲರ್, ಗಡಿಯಾರ, ಮೆಮೊರಿ ಮತ್ತು ಬ್ಯಾಟರಿ ಇದರ ಮುಖ್ಯ ಭಾಗಗಳು. ರೇಡಿಯೊ ಇಲ್ಲದ ಲಾಗರ್‌ನಿಂದ ಮಾಹಿತಿ ಬೇಕಾದರೆ ಯಾರಾದರೂ ಸ್ಥಳಕ್ಕೆ ಹೋಗಿ ಕೇಬಲ್ ಜೋಡಿಸಿ ಇಳಿಸಿಕೊಳ್ಳಬೇಕು. ಎರಡು ಭೇಟಿಗಳ ನಡುವೆ ಸಂವೇದಕ ಕೆಟ್ಟರೆ ಅಷ್ಟು ಕಾಲದ ದಾಖಲೆ ಹೋದಂತೆಯೇ. ರೇಡಿಯೊ ಈ ತೊಂದರೆಯನ್ನು ನೀಗಿಸುತ್ತದೆ. ಆದರೆ ಬಹುಪಾಲು ಲಾಗರ್‌ಗಳಲ್ಲಿ ಹೆಚ್ಚು ವಿದ್ಯುತ್ ಬಳಸುವುದೂ ಸ್ಥಳದ ಗುಣಕ್ಕೆ ಹೆಚ್ಚು ಕಟ್ಟುಬಿದ್ದಿರುವುದೂ ರೇಡಿಯೊವೇ. ಹೀಗಾಗಿ ಬ್ಯಾಟರಿ ಎಷ್ಟು ದೊಡ್ಡದಿರಬೇಕು, ಕಂಬ ಎಷ್ಟು ಎತ್ತರವಿರಬೇಕು, ವರ್ಷಕ್ಕೆ ಎಷ್ಟು ಸಲ ಸ್ಥಳಕ್ಕೆ ಹೋಗಬೇಕು ಎಂಬುದೆಲ್ಲ ಸಂಪರ್ಕ ವಿಧಾನದ ಆಯ್ಕೆಯೊಂದಿಗೇ ತೀರ್ಮಾನವಾಗಿಬಿಡುತ್ತದೆ.

ಮಾಹಿತಿಯ ತುರ್ತು ಮತ್ತು ಗಾತ್ರ

ಉಪಕರಣ ಕೊಳ್ಳುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ರೇಡಿಯೊ ಎಷ್ಟು ಕಿಲೊಮೀಟರ್ ಮುಟ್ಟುತ್ತದೆ ಎಂದು. ಅದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಮಾಹಿತಿ ಎಷ್ಟು ತಡವಾದರೆ ನಡೆದೀತು ಎಂಬುದು. ವೀಕ್ಷಣಾ ಕೊಳವೆಬಾವಿಯ ನೀರಿನ ಮಟ್ಟ ದಿನಕ್ಕೊಮ್ಮೆ ತಿಳಿದರೆ ಧಾರಾಳವಾಯಿತು. ಹವಾಮಾನ ಕೇಂದ್ರದಿಂದ ಗಂಟೆಗೊಮ್ಮೆ ಬೇಕು. ಘಟ್ಟದ ಹೊಳೆಗಳಲ್ಲಿ ನೆರೆ ಗಂಟೆಯೊಳಗೇ ಏರಬಹುದಾದ್ದರಿಂದ ಎಚ್ಚರಿಕೆ ಕೊಡಬೇಕಾದ ಲಾಗರ್ 15 ನಿಮಿಷ ಸುಮ್ಮನಿರುವುದೂ ಹೆಚ್ಚೇ. ನೀರು ಗೊತ್ತಾದ ಮಟ್ಟ ದಾಟಿದೊಡನೆ ಸರದಿಗೆ ಕಾಯದೆ ಸುದ್ದಿ ಕಳಿಸುವ ಏರ್ಪಾಡು ಅದರಲ್ಲಿರಬೇಕು. ತಡವಾದರೂ ನಡೆಯುವ ಕಡೆ ಅಗ್ಗದ, ನಿಧಾನದ ಸಂಪರ್ಕ ಸಾಕು. ಜನರ ಜೀವ ನಂಬಿಕೊಂಡಿರುವ ಕಡೆ ಒಂದು ಕಡಿದರೂ ಇನ್ನೊಂದು ಉಳಿಯುವಂಥ ಎರಡು ದಾರಿಗಳಿಗೆ ಹಣ ತೆಗೆದಿಡಲೇಬೇಕು.

ಗಾತ್ರದ ಮಟ್ಟಿಗೆ ಪರಿಸರ ಲಾಗರ್‌ಗಳ ಬೇಡಿಕೆ ತೀರ ಚಿಕ್ಕದು. ಉಷ್ಣತೆಗೆ 2 ಬೈಟ್, ತೇವಾಂಶಕ್ಕೆ 1, ಮಳೆಗೆ 2, ನೀರಿನ ಮಟ್ಟಕ್ಕೆ 2, ಬ್ಯಾಟರಿಯ ವೋಲ್ಟೇಜಿಗೆ 1: ಎಲ್ಲ ಸೇರಿ 8 ಬೈಟ್‌ಗಳಲ್ಲಿ ಒಂದು ಸಲದ ಅಳತೆ ಹಿಡಿಯುತ್ತದೆ. ಅದನ್ನೇ ಹೆಸರು, ಏಕಮಾನ ಸಹಿತ ಪಠ್ಯವಾಗಿ ಕಳಿಸಿದರೆ ನೂರು ಬೈಟ್ ದಾಟುವುದು ಸುಲಭ. ಮೊಬೈಲ್ ಜಾಲದಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ಬೈಟ್ ಲೆಕ್ಕದಲ್ಲಿ ಹಣ ಕೇಳುವ ಉಪಗ್ರಹ ಸೇವೆಯಲ್ಲಿ ಅಥವಾ ಸೆಕೆಂಡಿಗೆ ಕೆಲವೇ ನೂರು ಬಿಟ್ ಸಾಗಿಸುವ ರೇಡಿಯೊದಲ್ಲಿ ಇಡೀ ಯೋಜನೆಯೇ ಕೈಗೆಟುಕದಂತಾಗುತ್ತದೆ. ಕ್ಯಾಮೆರಾ ಚಿತ್ರ, ಸೆಕೆಂಡಿಗೆ ನೂರಾರು ಸಲ ಅಳೆಯುವ ಕಂಪನದ ದಾಖಲೆ ಇಂಥವು ಬೇರೆಯೇ ಜಾತಿ. ಅವಕ್ಕೆ 4ಜಿ, ವೈಫೈ ಅಥವಾ ವಿಸ್ಯಾಟ್ ಎಂಬ ಉಪಗ್ರಹ ಸಂಪರ್ಕ ಬಿಟ್ಟರೆ ದಾರಿಯಿಲ್ಲ.

ಮಾಹಿತಿಯನ್ನು ಹೇಗೆ ಜೋಡಿಸುತ್ತಾರೆ ಎಂಬುದಕ್ಕೆ ಮಳೆಮಾಪಕ ಒಳ್ಳೆಯ ನಿದರ್ಶನ. ಮಗುಚುವ ಬಟ್ಟಲಿನ ಮಳೆಮಾಪಕದಲ್ಲಿ 0.2 ಅಥವಾ 0.5 ಮಿಲಿಮೀಟರ್ ಮಳೆ ತುಂಬಿದೊಡನೆ ಬಟ್ಟಲು ವಾಲಿ ಒಂದು ಎಣಿಕೆ ದಾಖಲಾಗುತ್ತದೆ. ಕಳೆದ 15 ನಿಮಿಷದಲ್ಲಿ ಎಷ್ಟು ಎಣಿಕೆ ಎಂದು ಕಳಿಸಿದರೆ, ನಡುವೆ ಒಂದು ಸಂದೇಶ ಕಳೆದುಹೋದಾಗ ಅಷ್ಟು ಮಳೆ ಲೆಕ್ಕದಿಂದ ಶಾಶ್ವತವಾಗಿ ಬಿಟ್ಟುಹೋಗುತ್ತದೆ. ಅದರ ಬದಲು ಆರಂಭದಿಂದ ಈವರೆಗಿನ ಒಟ್ಟು ಎಣಿಕೆಯನ್ನೇ ಪ್ರತಿ ಸಲ ಕಳಿಸಿದರೆ ಮುಂದಿನ ಸಂದೇಶ ಬಂದೊಡನೆ ಒಟ್ಟು ಮಳೆ ಸರಿಹೋಗುತ್ತದೆ. ಕಾಣೆಯಾದದ್ದು ಹಂಚಿಕೆಯ ವಿವರ ಮಾತ್ರ. ಸಂದೇಶ ಮುಟ್ಟಿತೆಂಬ ಮರುಸುದ್ದಿ ಇಲ್ಲದ ಏಕಮುಖ ರೇಡಿಯೊಗಳನ್ನೂ ಈ ಸಣ್ಣ ಬದಲಾವಣೆಯಿಂದ ಧೈರ್ಯವಾಗಿ ಬಳಸಬಹುದು.

ಅಲೆ ಸಾಗುವ ದಾರಿ

ಅಡ್ಡಿಯಿಲ್ಲದ ಬಯಲಿನಲ್ಲಿ 10 ಕಿಲೊಮೀಟರ್ ಸಾಗುವಷ್ಟರಲ್ಲಿ 866 ಮೆಗಾಹರ್ಟ್ಸ್ ಅಲೆ ಸುಮಾರು 111 ಡೆಸಿಬೆಲ್ ಕ್ಷೀಣಿಸುತ್ತದೆ. 2,400 ಮೆಗಾಹರ್ಟ್ಸ್ ಅಲೆಗೆ ಈ ನಷ್ಟ 120 ಡೆಸಿಬೆಲ್. ಆವರ್ತನ ಕಡಿಮೆಯಾದಷ್ಟೂ ದೂರಕ್ಕೆ ಅನುಕೂಲ ಎಂಬ ಮಾತಿಗೆ ಒಂದು ಆಧಾರ ಇದು. ಈ ಲೆಕ್ಕವನ್ನಷ್ಟೇ ನಂಬಿದರೆ ಇಂದಿನ ಸೂಕ್ಷ್ಮ ಗ್ರಾಹಕಗಳು ನೂರಾರು ಕಿಲೊಮೀಟರ್ ಮುಟ್ಟಬೇಕು. ಮುಟ್ಟದಿರಲು ಕಾರಣ ನೆಲ, ಗುಡ್ಡ ಮತ್ತು ಗಿಡಮರ.

ಎರಡು ಆಂಟೆನಾಗಳು ಒಂದಕ್ಕೊಂದು ಕಂಡರಷ್ಟೇ ಸಾಲದು. ಅವುಗಳ ನಡುವಿನ ನೇರಗೆರೆಯ ಸುತ್ತ ಫ್ರೆನೆಲ್ ವಲಯವೆಂಬ, ನಡುವೆ ಉಬ್ಬಿದ ಜಾಗವೂ ಬಹುಮಟ್ಟಿಗೆ ತೆರವಾಗಿರಬೇಕು. 866 ಮೆಗಾಹರ್ಟ್ಸ್‌ನಲ್ಲಿ 10 ಕಿಲೊಮೀಟರ್ ಅಂತರಕ್ಕೆ ಮಧ್ಯದಲ್ಲಿ ಈ ವಲಯದ ತ್ರಿಜ್ಯ 29 ಮೀಟರ್, ಅದರ ಶೇ. 60ರಷ್ಟು, ಎಂದರೆ ಸುಮಾರು 18 ಮೀಟರ್, ಖಾಲಿ ಇದ್ದರೆ ನಷ್ಟ ಗಣನೀಯವಲ್ಲ. ನೆಲದಿಂದ 2 ಮೀಟರ್ ಎತ್ತರದ ಆಂಟೆನಾಕ್ಕೆ ರೇಡಿಯೊ ದಿಗಂತ 6 ಕಿಲೊಮೀಟರಿಗೂ ಕಡಿಮೆ; 30 ಮೀಟರ್ ಎತ್ತರದ್ದಕ್ಕೆ ಸುಮಾರು 22 ಕಿಲೊಮೀಟರ್. ಪ್ರೇಷಕದ ಶಕ್ತಿಯನ್ನು ದುಪ್ಪಟ್ಟು ಮಾಡಿದರೆ ಸಿಗುವುದು ಕೇವಲ 3 ಡೆಸಿಬೆಲ್. ಆಂಟೆನಾವನ್ನು ತೋಟದ ನೆತ್ತಿಯ ಮೇಲಕ್ಕೆ ಏರಿಸಿದರೆ ಅದರ ಹಲವು ಪಟ್ಟು ಲಾಭ ಸಿಗುವುದುಂಟು. ಹಣವನ್ನು ಕಂಬಕ್ಕೆ ಹಾಕುವುದೇ ಜಾಣತನ.

ಒಂದು ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಲೆಗಳಿಗೆ ಮಳೆಹನಿಗಳಿಂದ ಆಗುವ ನಷ್ಟ ಲೆಕ್ಕಕ್ಕಿಲ್ಲದಷ್ಟು. ತೋಯ್ದ ಎಲೆಗಳ ವಿಷಯ ಹಾಗಲ್ಲ. ಅಡಿಕೆ ತೋಟ, ಕಾಫಿ ತೋಟದ ನೆರಳುಮರಗಳು, ಕಾಡಿನಂಚು ಇವುಗಳ ಮೂಲಕ ಹಾಯುವ ಸಂಪರ್ಕ ಏಪ್ರಿಲ್‌ನಲ್ಲಿ ಚೆನ್ನಾಗಿದ್ದು ಜುಲೈನಲ್ಲಿ ಕಡಿದುಹೋಗುವುದಕ್ಕೆ ಹೊಸ ಚಿಗುರು ಮತ್ತು ಎಲೆಯ ಮೇಲಿನ ನೀರು ಎರಡೂ ಕಾರಣ. ಬೇಸಿಗೆಯಲ್ಲಿ ಪರೀಕ್ಷಿಸಿ ಕೂರಿಸುವ ಮಲೆನಾಡಿನ ಲಾಗರ್‌ಗೆ ಕನಿಷ್ಠ 20 ಡೆಸಿಬೆಲ್ ಹೆಚ್ಚುವರಿ ಬಲ ಉಳಿದಿರುವಂತೆ ನೋಡಿಕೊಳ್ಳುವುದು ಕ್ಷೇಮ.

ವಿದ್ಯುತ್ತಿನ ಲೆಕ್ಕ

ಲಾಗರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ, ಡಿ ಗಾತ್ರದ ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್ 3.6 ವೋಲ್ಟ್‌ನಲ್ಲಿ 19 ಆಂಪಿಯರ್-ಗಂಟೆ ಕೊಡುತ್ತದೆ. ಎಂದರೆ ಸುಮಾರು 2,46,000 ಜೂಲ್. ಮೊಬೈಲ್ ಮೋಡೆಮ್ ಎದ್ದು, ಜಾಲ ಹುಡುಕಿ, ನೋಂದಾಯಿಸಿಕೊಂಡು, ಮಾಹಿತಿ ಕಳಿಸಿ ಮಲಗಲು 30 ಸೆಕೆಂಡ್ ಕಾಲ ಸರಾಸರಿ 200 ಮಿಲಿಆಂಪಿಯರ್ ಬಳಸುತ್ತದೆಂದು ಇಟ್ಟುಕೊಂಡರೆ ಒಂದು ಸಲಕ್ಕೆ 22 ಜೂಲ್ ಖರ್ಚು. ಗಂಟೆಗೊಮ್ಮೆ ಕಳಿಸಿದರೆ ಆ ಸೆಲ್ ಕಾಗದದ ಮೇಲೆ 15 ತಿಂಗಳು ಬರುತ್ತದೆ, 15 ನಿಮಿಷಕ್ಕೊಮ್ಮೆಯಾದರೆ ನಾಲ್ಕೇ ತಿಂಗಳು. 20 ಬೈಟ್‌ನ ಒಂದು ಸಂದೇಶವನ್ನು, ಮುಂದೆ ವಿವರಿಸಿರುವ ಲೋರಾ ರೇಡಿಯೊ ತನ್ನ ಅತಿ ನಿಧಾನದ ವೇಗದಲ್ಲಿ, 40 ಮಿಲಿಆಂಪಿಯರ್ ಬಳಸಿ 1.8 ಸೆಕೆಂಡಿನಲ್ಲಿ ಕಳಿಸಿದರೆ ಖರ್ಚಾಗುವುದು 0.26 ಜೂಲ್, ಅತಿ ವೇಗದ ಕ್ರಮದಲ್ಲಿ 72 ಮಿಲಿಸೆಕೆಂಡ್, 0.01 ಜೂಲ್. ಇಷ್ಟು ಕಡಿಮೆಯಾದಾಗ ರೇಡಿಯೊಗಿಂತ ಸಂವೇದಕದ ಮತ್ತು ನಿದ್ರಾಸ್ಥಿತಿಯ ವಿದ್ಯುತ್ತೇ ಮುಖ್ಯವಾಗುತ್ತದೆ.

ಸರಾಸರಿಯಷ್ಟೇ ಮುಖ್ಯವಾದದ್ದು ಕ್ಷಣಿಕ ಬೇಡಿಕೆ. 2ಜಿ ಮೋಡೆಮ್ ಪ್ರಸಾರ ಮಾಡುವ 577 ಮೈಕ್ರೊಸೆಕೆಂಡ್‌ಗಳ ಪ್ರತಿ ತುಣುಕಿನಲ್ಲೂ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಥಯೊನಿಲ್ ಕ್ಲೋರೈಡ್ ಸೆಲ್‌ಗೆ ಆ ಎಳೆತ ತಾಳುವ ಶಕ್ತಿಯಿಲ್ಲ. ಬಳಸದೆ ಬಿಟ್ಟಾಗ ಒಳಗಿನ ಲಿಥಿಯಂ ಮೇಲೆ ಕಟ್ಟುವ ಪೊರೆ ಇದನ್ನು ಇನ್ನಷ್ಟು ಹದಗೆಡಿಸುತ್ತದೆ. ಪಕ್ಕದಲ್ಲಿ ದೊಡ್ಡ ಕೆಪಾಸಿಟರ್ ಇಲ್ಲದಿದ್ದರೆ ಮೋಡೆಮ್ ಮಾತಾಡಲು ತೊಡಗಿದೊಡನೆ ವೋಲ್ಟೇಜ್ ಕುಸಿದು ಇಡೀ ಲಾಗರ್ ಮರುಚಾಲನೆಗೊಳ್ಳುತ್ತದೆ, ಎದ್ದು ಮತ್ತೆ ಮೋಡೆಮ್ ಹಚ್ಚುತ್ತದೆ, ಮತ್ತೆ ಕುಸಿಯುತ್ತದೆ. ಅರ್ಧ ಚಾರ್ಜ್ ಉಳಿದಿರುವಾಗಲೇ ಬ್ಯಾಟರಿ ಹೀಗೆ ಒಂದೆರಡು ದಿನದಲ್ಲಿ ಬರಿದಾಗುತ್ತದೆ. ವೋಲ್ಟೇಜ್ ಕಡಿಮೆಯಿದ್ದಾಗ ಪ್ರಸಾರ ನಿಲ್ಲಿಸಿ ಅಳತೆಯನ್ನಷ್ಟೇ ಮುಂದುವರಿಸುವಂತೆ ಪ್ರೋಗ್ರಾಂ ಬರೆಯುವುದು ಇದಕ್ಕೆ ಮದ್ದು.

ಸೌರ ಫಲಕವಿದ್ದರೆ ನಿಶ್ಚಿಂತೆ ಎನ್ನುವಂತಿಲ್ಲ. ಮಳೆ ಮತ್ತು ನೆರೆಯ ಲಾಗರ್‌ಗಳ ಮಾಹಿತಿ ಅತ್ಯಗತ್ಯವಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಬಿಸಿಲು ಅತಿ ಕಡಿಮೆ ಬೀಳುವುದೂ ಆಗಲೇ. ಫಲಕ ಹಾಗೂ ಬ್ಯಾಟರಿಯ ಗಾತ್ರವನ್ನು ವರ್ಷದ ಸರಾಸರಿಗಲ್ಲ, ಬಿಸಿಲೇ ಕಾಣದ ವಾರಗಳಿಗೆ ಹೊಂದಿಸಬೇಕು.

ಕಿರುದೂರದ ರೇಡಿಯೊಗಳು

ಬ್ಲೂಟೂತ್, ವೈಫೈ ಮತ್ತು ಜಿಗ್ಬಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಪೆಟ್ಟಿಗೆ ತೆರೆಯದೆ ಫೋನಿನಲ್ಲೇ ಮಾಹಿತಿ ಇಳಿಸಿಕೊಳ್ಳಲು, ಉಪಕರಣವನ್ನು ಸರಿಹೊಂದಿಸಲು ಬ್ಲೂಟೂತ್ ಬಹಳ ಅನುಕೂಲ. ಜಿಗ್ಬಿಯಂಥವು ಒಂದು ಲಾಗರ್ ಇನ್ನೊಂದರ ಸಂದೇಶವನ್ನು ಮುಂದಕ್ಕೆ ದಾಟಿಸುವ ಬಲೆಜಾಲ ಕಟ್ಟಬಲ್ಲವು. ಹಸಿರುಮನೆ, ಶೈತ್ಯಾಗಾರ, ಕಾರ್ಖಾನೆಗಳಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಬಯಲಿನಲ್ಲಿ ಮಾತ್ರ ನಡುವಿನ ಲಾಗರ್‌ಗಳು ಪರರ ಸಂದೇಶ ಹೊತ್ತು ತಮ್ಮ ಬ್ಯಾಟರಿಯನ್ನು ಬೇಗ ಕಳೆದುಕೊಳ್ಳುತ್ತವೆ; ಅಂಥದೊಂದು ನಿಂತರೆ ಅದರಾಚೆಯವೆಲ್ಲ ಮೌನ.

ಲೋರಾ

ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವ ಲೋರಾ ತಂತ್ರವನ್ನು ರೂಪಿಸಿದ್ದು ಫ್ರಾನ್ಸಿನ ಗ್ರೆನೋಬಲ್‌ನ ಸೈಕ್ಲಿಯೊ ಕಂಪನಿ. 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಅದನ್ನು ಕೊಂಡಿತು. ಆವರ್ತನ ಒಂದೇ ಸಮನೆ ಏರುತ್ತ ಅಥವಾ ಇಳಿಯುತ್ತ ಹೋಗುವ ಚಿರ್ಪ್ ಎಂಬ ಸಂಕೇತಗಳನ್ನು ಇದು ಬಳಸುತ್ತದೆ. ಚಿರ್ಪ್‌ನ ಉದ್ದವನ್ನು ಸೂಚಿಸುವ ಸ್ಪ್ರೆಡಿಂಗ್ ಫ್ಯಾಕ್ಟರ್ 7ರಿಂದ 12ರವರೆಗೆ ಇರುತ್ತದೆ. ಒಂದೊಂದು ಮೆಟ್ಟಿಲು ಏರಿದಂತೆ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿದು ಸೂಕ್ಷ್ಮತೆ ಎರಡೂವರೆ ಡೆಸಿಬೆಲ್‌ನಷ್ಟು ಹೆಚ್ಚುತ್ತದೆ. 125 ಕಿಲೊಹರ್ಟ್ಸ್ ಅಗಲದಲ್ಲಿ 7ರ ವೇಗ ಸೆಕೆಂಡಿಗೆ 5,470 ಬಿಟ್, 12ರದು 300ಕ್ಕೂ ಕಡಿಮೆ. ನಿಧಾನದ ಕ್ರಮದಲ್ಲಿ ಗದ್ದಲಕ್ಕಿಂತ ಎಷ್ಟೋ ಕ್ಷೀಣವಾದ ಸಂಕೇತವನ್ನೂ ಗ್ರಾಹಕ ಹೆಕ್ಕಿ ತೆಗೆಯಬಲ್ಲದು.

ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿ ಇಲ್ಲದೆ ಬಳಸಬಹುದು. 2021ರಲ್ಲಿ ಇದನ್ನು 868ರವರೆಗೆ ವಿಸ್ತರಿಸಲಾಯಿತು. ಪ್ರೇಷಕದ ಶಕ್ತಿ 1 ವ್ಯಾಟ್ ಮೀರಬಾರದು, ಆಂಟೆನಾ ಸೇರಿದ ಪರಿಣಾಮಕಾರಿ ಶಕ್ತಿ 4 ವ್ಯಾಟ್ ಮೀರಬಾರದು. ಅಮೆರಿಕದ ಮಾರುಕಟ್ಟೆಗಾಗಿ ಮಾಡಿದ 915 ಮೆಗಾಹರ್ಟ್ಸ್ ಮಾಡ್ಯೂಲ್‌ಗಳನ್ನು ಅಗ್ಗವೆಂದು ತರಿಸಿ ಹಾಗೇ ಬಳಸುವುದು ಸಲ್ಲದು: 902ರಿಂದ 928ರ ಆ ಪಟ್ಟಿಯ ಒಂದು ಭಾಗ ಇಲ್ಲಿನ 900 ಮೆಗಾಹರ್ಟ್ಸ್ ಮೊಬೈಲ್ ಸೇವೆಯ ಮೇಲೇ ಬೀಳುತ್ತದೆ.

ಲೋರಾ ಆಧಾರಿತ ಲೋರಾವಾನ್ ಜಾಲದಲ್ಲಿ ಲಾಗರ್‌ಗಳು ಯಾರ ಅಪ್ಪಣೆಗೂ ಕಾಯದೆ ತಮಗೆ ತೋಚಿದಾಗ ಪ್ರಸಾರ ಮಾಡುತ್ತವೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ನಡೆಸಿ ತೋರಿಸಿದ ಅಲೋಹಾ ಪದ್ಧತಿ ಇದೇ. ಇಬ್ಬರು ಒಟ್ಟಿಗೇ ಮಾತಾಡಿದರೆ ಎರಡೂ ಕೆಡಬಹುದು. ಸಿದ್ಧಾಂತದ ಪ್ರಕಾರ ಶುದ್ಧ ಅಲೋಹಾದಲ್ಲಿ ವಾಹಿನಿಯ ಶೇ. 18.4ರಷ್ಟು ಮಾತ್ರ ಸಾರ್ಥಕವಾಗಿ ಬಳಕೆಯಾಗುತ್ತದೆ. ಎಲ್ಲ ಲಾಗರ್‌ಗಳ ಗಡಿಯಾರವೂ ಸರಿಯಾಗಿದ್ದು ಎಲ್ಲವೂ ಗಂಟೆ ಬಾರಿಸಿದ ಕ್ಷಣಕ್ಕೇ ಕಳಿಸಿದರೆ ಘರ್ಷಣೆ ಖಂಡಿತ. ಅಳತೆ ಗಂಟೆಗೆ ಸರಿಯಾಗಿ ನಡೆಯಲಿ, ಪ್ರಸಾರ ಮಾತ್ರ ಯಾದೃಚ್ಛಿಕವಾಗಿ ಕೆಲವು ಸೆಕೆಂಡ್ ಅಥವಾ ನಿಮಿಷ ಹಿಂದುಮುಂದಾಗಲಿ ಎಂಬುದು ಇದಕ್ಕೆ ಪರಿಹಾರ. ನಿಧಾನದ ಕ್ರಮವನ್ನು ಎಲ್ಲ ಲಾಗರ್‌ಗಳಿಗೂ ಕಣ್ಣುಮುಚ್ಚಿ ಹಾಕುವುದೂ ತಪ್ಪು. ಗಾಳಿಯಲ್ಲಿ 25 ಪಟ್ಟು ಹೆಚ್ಚು ಹೊತ್ತು ಇರುವ ಸಂದೇಶ ನೆರೆಯವರ ಅವಕಾಶವನ್ನೂ ಕಸಿಯುತ್ತದೆ.

ವಿಎಚ್‌ಎಫ್ ಮತ್ತು ಯುಎಚ್‌ಎಫ್

ಪರವಾನಗಿ ಪಡೆದ ವಿಎಚ್‌ಎಫ್ ಅಥವಾ ಯುಎಚ್‌ಎಫ್ ರೇಡಿಯೊ ಮೋಡೆಮ್‌ಗಳು ಹಳೆಯವಾದರೂ ಅಣೆಕಟ್ಟು, ಕಾಲುವೆ, ವಿದ್ಯುತ್ ಜಾಲಗಳಲ್ಲಿ ಇನ್ನೂ ಜಾಗ ಉಳಿಸಿಕೊಂಡಿವೆ. ಕೆಲವು ವ್ಯಾಟ್ ಶಕ್ತಿ, ಗುಡ್ಡದ ಮೇಲೊಂದು ರಿಪೀಟರ್ ಇದ್ದರೆ ಹತ್ತಾರು ಕಿಲೊಮೀಟರ್ ನಂಬಿಕೆಯಿಂದ ಮುಟ್ಟುತ್ತವೆ. ಆವರ್ತನ ಸಂಸ್ಥೆಗೇ ಮೀಸಲಾದ್ದರಿಂದ ಪರರ ಗದ್ದಲ ಕಡಿಮೆ. ಅದಕ್ಕೆ ಪ್ರತಿಯಾಗಿ ದೂರಸಂಪರ್ಕ ಇಲಾಖೆಯ ಅನುಮತಿ, ವಾರ್ಷಿಕ ಶುಲ್ಕ, ದೊಡ್ಡ ಬ್ಯಾಟರಿ ಬೇಕು. ಅಮೆರಿಕದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಅಲರ್ಟ್ ಎಂಬ ನೆರೆ ಎಚ್ಚರಿಕೆ ಪದ್ಧತಿ ವಿಎಚ್‌ಎಫ್‌ನಲ್ಲೇ ಬೆಳೆಯಿತು. ಮಳೆಮಾಪಕದ ಬಟ್ಟಲು ಮಗುಚಿದಾಗೆಲ್ಲ ಒಂದು ಪುಟ್ಟ ಸಂದೇಶ ಹೋಗುವುದು ಅದರ ಕ್ರಮ. ಮಳೆ ಬಿರುಸಾದಂತೆ ಸಂದೇಶಗಳೂ ಹೆಚ್ಚಿ ಒಂದರ ಮೇಲೊಂದು ಬೀಳುತ್ತಿದ್ದುದರಿಂದ ಮುಂದೆ ಪ್ರತಿ ಕೇಂದ್ರಕ್ಕೂ ಸಮಯದ ಸರದಿ ಗೊತ್ತುಮಾಡುವ ಅಲರ್ಟ್-2 ಬಂತು.

ವಿಎಚ್‌ಎಫ್‌ನ ಕೆಳ ಅಂಚಿನಲ್ಲಿ ಒಂದು ಅಪರೂಪದ ವಿಧಾನವೂ ಇದೆ. ಉಲ್ಕೆಗಳು ವಾತಾವರಣದಲ್ಲಿ ಉರಿದಾಗ ಸುಮಾರು 100 ಕಿಲೊಮೀಟರ್ ಎತ್ತರದಲ್ಲಿ ಉಳಿಯುವ ಅಯಾನುಗಳ ಜಾಡು 40 ಮೆಗಾಹರ್ಟ್ಸ್ ಆಸುಪಾಸಿನ ಅಲೆಯನ್ನು ಕ್ಷಣಕಾಲ ಪ್ರತಿಫಲಿಸುತ್ತದೆ. ಪಶ್ಚಿಮ ಅಮೆರಿಕದ ಪರ್ವತಗಳಲ್ಲಿ ಹಿಮ ಅಳೆಯುವ ಸ್ನೋಟೆಲ್ ಕೇಂದ್ರಗಳು ದಶಕಗಳ ಕಾಲ ಈ ಜಾಡುಗಳನ್ನೇ ನೆಚ್ಚಿದ್ದವು. ಮೊಬೈಲ್ ಮತ್ತು ಉಪಗ್ರಹ ಅಗ್ಗವಾದ ಮೇಲೆ ಅತ್ತ ಹೊರಳಿದವು.

ಮೊಬೈಲ್ ಜಾಲ

ಸಿಗ್ನಲ್ ಸಿಗುವ ಕಡೆ ಮೊಬೈಲ್ ಜಾಲಕ್ಕಿಂತ ಸರಳವಾದ ದಾರಿ ಇಲ್ಲ. ಸ್ವಂತ ಗೋಪುರ ಬೇಡ, ಆವರ್ತನದ ಚಿಂತೆ ಬೇಡ, ಮಾಹಿತಿ ನೇರ ಸರ್ವರ್‌ಗೆ ಬರುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಸ್ಥಾಪಿಸಿರುವ ಆರು ಸಾವಿರಕ್ಕೂ ಹೆಚ್ಚು ಮಳೆಮಾಪನ ಯಂತ್ರಗಳು ಸೌರಶಕ್ತಿಯಿಂದ ನಡೆದು, ಜಿಪಿಆರ್‌ಎಸ್ ಮೂಲಕ 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುವಂತೆ ರೂಪಿತವಾದವು. ಊರಿನ ಹತ್ತಿರವೇ ಇರಬೇಕಾದ, ಇಷ್ಟು ದೊಡ್ಡ ಸಂಖ್ಯೆಯ ಯಂತ್ರಗಳಿಗೆ ಈ ಆಯ್ಕೆ ತಕ್ಕದ್ದೇ. ಕಾಡಿನ ನಡುವಿನ ಜಲಾನಯನಕ್ಕೆ ಇದೇ ಮಾತು ಹೊಂದುವುದಿಲ್ಲ.

ಮೊಬೈಲ್ ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿ ಒಕ್ಕೂಟ 2016ರಲ್ಲಿ ಅಂತಿಮಗೊಳಿಸಿದ ಬಿಡುಗಡೆ 13ರಲ್ಲಿ ಯಂತ್ರಗಳಿಗೆಂದೇ ಎರಡು ಕ್ರಮಗಳು ಬಂದವು. ಎನ್‌ಬಿ-ಐಒಟಿ 180 ಕಿಲೊಹರ್ಟ್ಸ್ ಅಗಲದಲ್ಲಿ ಕೆಲಸ ಮಾಡುತ್ತದೆ. 2ಜಿಗಿಂತ 20 ಡೆಸಿಬೆಲ್ ಹೆಚ್ಚಿನ ನಷ್ಟವನ್ನು ತಾಳುವುದು ಅದರ ಗುರಿ. ಎಲ್‌ಟಿಇ-ಎಂ ಹೆಚ್ಚು ವೇಗದ್ದು, ಚಲಿಸುವ ವಸ್ತುಗಳಿಗೂ ಒಗ್ಗುವಂಥದು. ಜಾಲದ ನೋಂದಣಿ ಉಳಿಸಿಕೊಂಡೇ ಗಂಟೆಗಟ್ಟಲೆ ಗಾಢನಿದ್ರೆಗೆ ಹೋಗುವ ಸೌಲಭ್ಯ ಇವೆರಡರಲ್ಲೂ ಇದೆ. ಸಿಗ್ನಲ್ ಮಂಕಾದ ಕಡೆ ಎನ್‌ಬಿ-ಐಒಟಿ ಒಂದೇ ಸಂದೇಶವನ್ನು ಮತ್ತೆ ಮತ್ತೆ ಕಳಿಸಿ ದಾಟಿಸುವುದರಿಂದ ಅಲ್ಲಿ ವಿದ್ಯುತ್ ಖರ್ಚು ಹಲವು ಪಟ್ಟು ಏರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಮೊಬೈಲ್ ಜಾಲದ ದೊಡ್ಡ ಅಪಾಯ ಅದರ ಆಯುಸ್ಸು ಲಾಗರ್ ಇಟ್ಟವರ ಕೈಯಲ್ಲಿಲ್ಲದಿರುವುದು. ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ 2016ರ ಡಿಸೆಂಬರ್‌ನಲ್ಲಿ 2ಜಿ ನಿಲ್ಲಿಸಿತು, 2024ರಲ್ಲಿ 3ಜಿಯನ್ನೂ ನಿಲ್ಲಿಸಿತು. ಭಾರತದಲ್ಲಿ ಏರ್‌ಟೆಲ್ 2ಜಿಯನ್ನು ಉಳಿಸಿಕೊಂಡು 3ಜಿಯನ್ನು ಮೊದಲು ಮುಚ್ಚಿತು. ಜಿಯೊದಲ್ಲಿ 2ಜಿ, 3ಜಿ ಎಂದೂ ಇರಲೇ ಇಲ್ಲ. ಹತ್ತು ವರ್ಷ ಬಾಳಬೇಕಾದ ಲಾಗರ್‌ನಲ್ಲಿ ಮೋಡೆಮ್ ಪ್ರತ್ಯೇಕ ಫಲಕದ ಮೇಲಿದ್ದು ಅದನ್ನಷ್ಟೇ ಬದಲಿಸುವಂತಿರಬೇಕು. ಇನ್ನೊಂದು ಅಪಾಯ ಬಿರುಗಾಳಿ, ನೆರೆಗಳ ರಾತ್ರಿಯದು: ಕರೆಂಟು ಹೋಗಿ ಗೋಪುರದ ಬ್ಯಾಟರಿಯೂ ಮುಗಿದರೆ ಆ ಪ್ರದೇಶದ ಎಲ್ಲ ಲಾಗರ್‌ಗಳೂ ಒಟ್ಟಿಗೇ ಮೌನವಾಗುತ್ತವೆ.

ಉಪಗ್ರಹ

ನೆಲದ ಯಾವ ಜಾಲವೂ ಮುಟ್ಟದ ಕಡೆ, ಅಥವಾ ಮುಟ್ಟಿದರೂ ಆಪತ್ತಿನಲ್ಲಿ ನಂಬಲಾಗದ ಕಡೆ, ಉಪಗ್ರಹವೇ ಗತಿ. ಭಾರತೀಯ ಹವಾಮಾನ ಇಲಾಖೆಯ ಸ್ವಯಂಚಾಲಿತ ಕೇಂದ್ರಗಳು ಭೂಸ್ಥಿರ ಕಕ್ಷೆಯ ಇನ್‌ಸ್ಯಾಟ್ ಸರಣಿಯ ಉಪಗ್ರಹಗಳಲ್ಲಿರುವ ಡೇಟಾ ರಿಲೇ ಟ್ರಾನ್ಸ್‌ಪಾಂಡರ್ ಬಳಸುತ್ತ ಬಂದಿವೆ. 2013ರ ಜುಲೈನಲ್ಲಿ ಹಾರಿದ ಇನ್‌ಸ್ಯಾಟ್-3ಡಿ, 2016ರ ಇನ್‌ಸ್ಯಾಟ್-3ಡಿಆರ್, 2024ರ ಇನ್‌ಸ್ಯಾಟ್-3ಡಿಎಸ್ ಈ ಸಾಲಿನವು. ಕೇಂದ್ರಗಳು 402 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಪ್ರಸಾರ ಮಾಡುತ್ತವೆ. ಮಾಹಿತಿ ಪುಣೆಯ ಭೂಕೇಂದ್ರದಲ್ಲಿ ಇಳಿಯುತ್ತದೆ. ಜಿಪಿಎಸ್‌ನಿಂದ ಗಡಿಯಾರ ಸರಿಪಡಿಸಿಕೊಂಡು ಪ್ರತಿ ಕೇಂದ್ರವೂ ತನಗೆ ಗೊತ್ತಾದ ಸರದಿಯಲ್ಲಿ ಮಾತ್ರ ಕಳಿಸುತ್ತದೆ. ಗಡಿಯಾರ ಜಾರಿದರೆ ಪಕ್ಕದ ಕೇಂದ್ರದ ಸಂದೇಶವೂ ಹಾಳಾಗುವುದರಿಂದ ಇಲ್ಲಿ ಜಿಪಿಎಸ್ ಆಂಟೆನಾ ರೇಡಿಯೊ ಆಂಟೆನಾದಷ್ಟೇ ಮುಖ್ಯ. ಭೂಸ್ಥಿರ ಉಪಗ್ರಹದ ಒಂದು ಸೌಲಭ್ಯ ಕರ್ನಾಟಕಕ್ಕೆ ವಿಶೇಷವಾಗಿ ಒದಗುತ್ತದೆ: 74 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಉಪಗ್ರಹ ಇಲ್ಲಿಂದ ದಿಗಂತಕ್ಕಿಂತ ಸುಮಾರು 70 ಡಿಗ್ರಿ ಎತ್ತರದಲ್ಲಿ ಕಾಣುವುದರಿಂದ ಘಟ್ಟದ ಆಳದ ಕಣಿವೆಯಿಂದಲೂ ಗುಡ್ಡಗಳು ಅಡ್ಡ ಬರುವುದಿಲ್ಲ. ಅಡ್ಡ ಬರುವುದು ತಲೆಯ ಮೇಲಿನ ಮರ. ಅಮೆರಿಕದ ಗೋಸ್ ಉಪಗ್ರಹಗಳ ಮೂಲಕ ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ನದಿಮಾಪಕಗಳು ಕಳಿಸುವ ಕ್ರಮವೂ ಇಂಥದೇ; ವೇಗ ಸೆಕೆಂಡಿಗೆ 300 ಅಥವಾ 1,200 ಬಿಟ್.

ಕೆಳಕಕ್ಷೆಯ ಉಪಗ್ರಹಗಳಿಗೆ ಆಂಟೆನಾ ಗುರಿಯಿಡಬೇಕಿಲ್ಲ. ಫ್ರಾನ್ಸ್ ಮತ್ತು ಅಮೆರಿಕ ಸೇರಿ 1978ರಲ್ಲಿ ಆರಂಭಿಸಿದ ಆರ್ಗೋಸ್, 66 ಉಪಗ್ರಹಗಳ ಇರಿಡಿಯಂ ಇವು ಪ್ರಸಿದ್ಧ. ಆರ್ಗೋಸ್ ತೇಲುಬುರುಡೆ, ಹಕ್ಕಿ, ಆಮೆಗಳಂಥ ಚಲಿಸುವವಕ್ಕೆ ಹೇಳಿಮಾಡಿಸಿದಂತಿದೆ. ಆವರ್ತನದ ಡಾಪ್ಲರ್ ವ್ಯತ್ಯಾಸದಿಂದಲೇ ಸ್ಥಳವನ್ನೂ ಲೆಕ್ಕ ಹಾಕುತ್ತದೆ. ಇರಿಡಿಯಂನ ಕಿರುಸಂದೇಶ ಸೇವೆಯಲ್ಲಿ ಸಾಮಾನ್ಯ ಮೋಡೆಮ್‌ಗಳು ಒಂದು ಸಲಕ್ಕೆ 340 ಬೈಟ್ ಕಳಿಸಬಲ್ಲವು. ಉಪಗ್ರಹ ಉಪಕರಣ ಬಳಸಲು ಭಾರತದಲ್ಲಿ ಸರ್ಕಾರದ ಅನುಮತಿ ಕಡ್ಡಾಯ.

ವಿಧಾನ ಬದಲಾದರೆ ವಿಜ್ಞಾನವೇ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಸಾಗರಗಳ ಆರ್ಗೊ ತೇಲುಯಂತ್ರಗಳು ಸಾಕ್ಷಿ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಭಾರತದ ಪಾಲಿನವನ್ನು ನಡೆಸುತ್ತದೆ. ಈ ಯಂತ್ರಗಳು 2,000 ಮೀಟರ್ ಆಳದಿಂದ ಉಷ್ಣತೆ, ಲವಣಾಂಶ ಅಳೆಯುತ್ತ ಸುಮಾರು 10 ದಿನಕ್ಕೊಮ್ಮೆ ಮೇಲೆ ಬರುತ್ತವೆ. ಆರ್ಗೋಸ್ ಬಳಸಿದಾಗ ಎಲ್ಲ ಮಾಹಿತಿ ದಾಟಿಸಲು 6ರಿಂದ 12 ಗಂಟೆ ಮೇಲ್ಮೈಯಲ್ಲೇ ಇರಬೇಕಿತ್ತು. ಅಷ್ಟು ಹೊತ್ತಿನಲ್ಲಿ ಅಲೆ, ಗಾಳಿ ಅವನ್ನು ದೂರ ಒಯ್ಯುತ್ತಿದ್ದವು, ಪಾಚಿ, ಚಿಪ್ಪುಜೀವಿಗಳು ಅಂಟಿಕೊಳ್ಳುತ್ತಿದ್ದವು, ಹಡಗು, ಬಲೆಗಳ ಭಯವೂ ಇತ್ತು. ಇರಿಡಿಯಂ ಬಂದ ಮೇಲೆ ಒಂದು ಗಂಟೆಯೊಳಗೆ ಕೆಲಸ ಮುಗಿದು ಯಂತ್ರ ಮತ್ತೆ ಮುಳುಗುತ್ತದೆ. ಹೆಚ್ಚು ಸೂಕ್ಷ್ಮ ವಿವರವೂ ಸಿಗುತ್ತದೆ, ದಡದಿಂದ ಆದೇಶ ಕಳಿಸಿ ಅದರ ಕ್ರಮ ಬದಲಿಸಲೂ ಬರುತ್ತದೆ.

ಕೂಡು ವ್ಯವಸ್ಥೆ ಮತ್ತು ಸ್ಥಳ ಪರಿಶೀಲನೆ

ದೊಡ್ಡ ಜಾಲಗಳಲ್ಲಿ ಒಂದೇ ವಿಧಾನ ಎಲ್ಲೆಡೆಗೂ ಸಾಲುವುದು ವಿರಳ. ಕಣಿವೆಯೊಳಗಿನ ಹತ್ತಾರು ಲಾಗರ್‌ಗಳು ಲೋರಾ ಮೂಲಕ ಗುಡ್ಡದ ನೆತ್ತಿಯ ಗೇಟ್‌ವೇಗೆ ಕಳಿಸುತ್ತವೆ; ಗೇಟ್‌ವೇ ದೊಡ್ಡ ಸೌರ ಫಲಕವಿಟ್ಟುಕೊಂಡು 4ಜಿ ಅಥವಾ ಉಪಗ್ರಹದ ಮೂಲಕ ಮುಂದಕ್ಕೆ ದಾಟಿಸುತ್ತದೆ. ಕೇರಳದ ಮುನ್ನಾರ್‌ನಲ್ಲಿ ಅಮೃತಾ ವಿಶ್ವವಿದ್ಯಾಲಯ ಸ್ಥಾಪಿಸಿದ ಭೂಕುಸಿತ ಎಚ್ಚರಿಕೆ ಜಾಲದಲ್ಲಿ ನೆಲದಾಳದ ಸಂವೇದಕಗಳ ಮಾಹಿತಿ ನಿಸ್ತಂತು ಜಾಲ, ವೈಫೈ, ವಿಸ್ಯಾಟ್ ಹೀಗೆ ಹಂತಹಂತವಾಗಿ ಸಾಗುವಂತೆ ಏರ್ಪಡಿಸಲಾಗಿತ್ತು. ಇಂಥ ಕಡೆ ಗೇಟ್‌ವೇ ಒಂದೇ ಇದ್ದರೆ ಅದೇ ದುರ್ಬಲ ಕೊಂಡಿ. ಎರಡಿದ್ದು ಒಂದೇ ಸಂದೇಶ ಎರಡಕ್ಕೂ ಕೇಳಿಸುವಂತಿದ್ದರೆ ಒಳ್ಳೆಯದು. ನಕಲು ಸಂದೇಶಗಳನ್ನು ಸರ್ವರ್ ತೆಗೆದುಹಾಕುತ್ತದೆ.

ನಕ್ಷೆಯ ಲೆಕ್ಕ ಏನೇ ಹೇಳಲಿ, ಕಂಬ ನೆಡುವ ಮೊದಲು ಆ ಜಾಗದಲ್ಲೇ, ಆ ಎತ್ತರದಲ್ಲೇ, ಅದೇ ಆಂಟೆನಾ ಹಿಡಿದು ನೂರಾರು ಸಂದೇಶ ಕಳಿಸಿ ಎಷ್ಟು ಮುಟ್ಟಿದವೆಂದು ಎಣಿಸುವುದಕ್ಕೆ ಬದಲಿ ಇಲ್ಲ. ಕೈಯಲ್ಲಿನ ಫೋನಿಗೆ ಸಿಗ್ನಲ್ ಬಂದರೆ ಲೋಹದ ಪೆಟ್ಟಿಗೆಯೊಳಗಿನ ಮೋಡೆಮ್‌ಗೂ ಬಂದೀತೆಂಬ ಭರವಸೆಯಿಲ್ಲ. ಆಂಟೆನಾ ಕೇಬಲ್ ಉದ್ದವಾದಷ್ಟೂ ನಷ್ಟ ಹೆಚ್ಚು. ಕನೆಕ್ಟರ್‌ಗೆ ನೀರು ನುಗ್ಗದಂತೆ ಸ್ವಯಂ ಅಂಟುವ ರಬ್ಬರ್ ಟೇಪ್ ಸುತ್ತಬೇಕು. ಸಿಡಿಲು ಹೆಚ್ಚಿರುವ ಕಡೆ ಆಂಟೆನಾ ದಾರಿಗೆ ಸಿಡಿಲುತಡೆ, ಕಂಬಕ್ಕೆ ಭೂಸಂಪರ್ಕ ಎರಡೂ ಬೇಕು. ರೇಡಿಯೊ ಯಾವುದೇ ಇರಲಿ, ಲಾಗರ್‌ನೊಳಗಿನ ಮೆಮೊರಿಯಲ್ಲಿ ಕನಿಷ್ಠ ಒಂದು ಮಳೆಗಾಲದ ಪೂರ್ಣ ದಾಖಲೆ ಉಳಿಯುವಂತಿದ್ದು, ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇರಬೇಕು. ನಡುವೆ ಬಿಟ್ಟುಹೋದ ಸಂಖ್ಯೆಗಳನ್ನು ಸರ್ವರ್ ಗುರುತಿಸಿ, ಸಂಪರ್ಕ ಮರಳಿದಾಗ ಅಷ್ಟನ್ನೇ ಕೇಳಿ ಪಡೆಯುತ್ತದೆ. ಏಕಮುಖ ರೇಡಿಯೊ ಆಗಿದ್ದರೆ ಮುಂದಿನ ಭೇಟಿಯಲ್ಲಿ ಬ್ಲೂಟೂತ್ ಮೂಲಕ ಆ ತೆರಪುಗಳನ್ನು ತುಂಬಿಕೊಳ್ಳಲಾಗುತ್ತದೆ.